ಮದ್ಯವಿಲ್ಲದ ಹಬ್ಬದ ಕೇಕು

ಡಿಸೆಂಬರ್ ತಿಂಗಳ ಮೂರನೆಯ ವಾರ ಕಳೆಯಿತೆಂದರೆ ಕೋಲ್ಕತ ನಗರಕ್ಕೆ ಬೇರೊಂದು ಕಳೆ ಬರುತ್ತದೆ. 1874ರಲ್ಲಿ ಆರಂಭವಾದ ನ್ಯೂ ಮಾರ್ಕೆಟ್ಟಿನೊಳಗೆ, ಬಾಗ್ದಾದಿನಿಂದ ಬಂದ ಯಹೂದ್ಯ ಮನೆತನವೊಂದು 1902ರಲ್ಲಿ ಪ್ರಾರಂಭಿಸಿದ ನಾಹೂಮ್ ಬೇಕರಿಯ ಮುಂದೆ ಜನ ಸಾಲುಗಟ್ಟಿ ನಿಲ್ಲುತ್ತಾರೆ. ಪಾರ್ಕ್ ಸ್ಟ್ರೀಟಿನಲ್ಲಿ 1927ರಿಂದ ನಡೆದು ಬಂದಿರುವ ಫ್ಲೂರೀಸ್ ಅಂಗಡಿಯ ಸುತ್ತ ದೀಪಗಳ ಜಗಮಗ. ಬೋ ಬ್ಯಾರಕ್ಸ್‌ನ ಆಂಗ್ಲೋ-ಇಂಡಿಯನ್ ಮನೆಗಳಲ್ಲಿ ಕೇಕಿನೊಡನೆ ಮನೆಯಲ್ಲೇ ತಯಾರಿಸಿದ ದ್ರಾಕ್ಷಿಯ ವೈನೂ ಸಿದ್ಧವಾಗುತ್ತದೆ. ಬಂಗಾಳಿಗಳು ಕ್ರಿಸ್‌ಮಸ್ ಹಬ್ಬವನ್ನು 'ಬೊಡೊದಿನ್', ಅಂದರೆ 'ದೊಡ್ಡ ದಿನ' ಎಂದು ಕರೆಯುತ್ತಾರೆ. ಆ ದಿನ ಕೇಕು ತಿನ್ನುವುದಕ್ಕೆ ಇಲ್ಲಿ ಜಾತಿ ಮತಗಳ ಕಟ್ಟಿಲ್ಲ. ಈ ನಗರದಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗೂ ನೆರೆಮನೆಯಿಂದ, ಕಚೇರಿಯಿಂದ, ಮಕ್ಕಳ ಶಾಲೆಯಿಂದ ಕೇಕಿನ ಡಬ್ಬಿಗಳು ಬರುತ್ತವೆ. ದೀಪಾವಳಿಯಲ್ಲಿ ಕೊಟ್ಟ ಕಜ್ಜಾಯ, ಚಕ್ಕುಲಿಗಳಿಗೆ ಅದು ಪ್ರೀತಿಯ ಮರುಕಾಣಿಕೆ.

ಆದರೆ ಅಂತಹ ಒಂದು ಮನೆಯಲ್ಲಿ, ಹಲವು ವರ್ಷಗಳ ಕುಡಿತವನ್ನು ಬಹಳ ಪ್ರಯಾಸದಿಂದ ಬಿಟ್ಟು ಎಂಟು ತಿಂಗಳಾದ ಗೃಹಸ್ಥರೊಬ್ಬರು ಇದ್ದಾರೆಂದು ಭಾವಿಸೋಣ. ಇಲ್ಲವೆ ಯಕೃತ್ತಿನ ಕಾಯಿಲೆಯ ಹಿರಿಯರೊಬ್ಬರೋ, ಬಸುರಿ ಹೆಣ್ಣುಮಗಳೊಬ್ಬಳೋ ಇರಬಹುದು. ತಟ್ಟೆಯಲ್ಲಿ ಕಪ್ಪಗೆ, ಘಮಘಮಿಸುವ ಕೇಕು ಬಂದಾಗ ಅವರು ಹಿಂಜರಿಯುತ್ತಾರೆ. "ಬೆಂದ ಮೇಲೆ ಅದರಲ್ಲಿ ರಮ್ ಎಲ್ಲಿ ಉಳಿಯುತ್ತದೆ? ಒಂದು ಚೂರು ತಿಂದರೆ ಏನಾಗುತ್ತದೆ?" ಎಂದು ಸುತ್ತಲಿನವರು ಒತ್ತಾಯ ಮಾಡುತ್ತಾರೆ. ಒತ್ತಾಯದ ಹಿಂದೆ ಇರುವುದು ಪ್ರೀತಿಯೇ. ಆದರೆ ಅದರ ತಳಹದಿಯಾದ ನಂಬಿಕೆ ಮಾತ್ರ ತಪ್ಪು. ಕೇಕಿನಲ್ಲಿ ಮದ್ಯಸಾರ ಎಷ್ಟು ಉಳಿಯುತ್ತದೆ, ಅದು ಯಾರಿಗೆ ಅಪಾಯಕರ, ಅದಿಲ್ಲದೆಯೂ ಹಬ್ಬದ ಕೇಕನ್ನು ಹೇಗೆ ತಯಾರಿಸಬಹುದು ಎಂಬುದನ್ನು ತಿಳಿದುಕೊಂಡರೆ ಇಂತಹ ಇಕ್ಕಟ್ಟಿನಿಂದ ಪಾರಾಗಬಹುದು.

ಕೇಕಿನಲ್ಲಿ ಮದ್ಯದ ಕೆಲಸವೇನು?

ಕ್ರಿಸ್‌ಮಸ್ ಕಾಲದ ಈ ಕೇಕಿಗೆ 'ಪ್ಲಮ್ ಕೇಕು' ಎಂಬ ಹೆಸರಿದ್ದರೂ ಅದರಲ್ಲಿ ಪ್ಲಮ್ ಹಣ್ಣು ಇರಬೇಕೆಂದಿಲ್ಲ. ಹಿಂದಿನ ಇಂಗ್ಲಿಷಿನಲ್ಲಿ ಒಣದ್ರಾಕ್ಷಿಗೂ ಆ ಹೆಸರೇ ಇತ್ತು. ಒಣಹಣ್ಣುಗಳನ್ನು ವಾರಗಟ್ಟಲೆ ರಮ್ ಅಥವಾ ಬ್ರಾಂದಿಯಲ್ಲಿ ನೆನೆಹಾಕಿ, ಬೆಣ್ಣೆ, ಸಕ್ಕರೆ, ಮೊಟ್ಟೆ, ಮೈದಾ, ಸಂಬಾರ ಪದಾರ್ಥಗಳೊಡನೆ ಬೆರೆಸಿ, ಸಣ್ಣ ಉರಿಯಲ್ಲಿ ಬಹಳ ಹೊತ್ತು ಬೇಯಿಸುವುದು ಇದರ ವಿಧಾನ. ಬೆಂದ ಬಳಿಕವೂ ವಾರಕ್ಕೊಮ್ಮೆ ಅದರ ಮೇಲೆ ಒಂದೆರಡು ಚಮಚ ರಮ್ ಚಿಮುಕಿಸಿ, ಕಾಗದದಲ್ಲಿ ಸುತ್ತಿ, ಡಬ್ಬಿಯಲ್ಲಿಟ್ಟು 'ಮಾಗಿಸುವ' ಪದ್ಧತಿಯೂ ಉಂಟು.

ಇಲ್ಲಿ ಮದ್ಯವು ಮೂರು ಕೆಲಸಗಳನ್ನು ನಿರ್ವಹಿಸುತ್ತದೆ. ಮೊದಲನೆಯದು, ಒಣಗಿದ ಹಣ್ಣನ್ನು ಮೃದುಗೊಳಿಸಿ ಉಬ್ಬಿಸುವುದು. ಎರಡನೆಯದು, ಲವಂಗ, ದಾಲ್ಚಿನ್ನಿ, ಕಿತ್ತಳೆ ಸಿಪ್ಪೆ ಮೊದಲಾದವುಗಳ ಪರಿಮಳವನ್ನು ಕರಗಿಸಿಕೊಂಡು ಕೇಕಿನ ತುಂಬ ಹರಡುವುದು. ನೀರಿನಲ್ಲಿ ಸುಲಭವಾಗಿ ಕರಗದ ಸುವಾಸನಾ ತೈಲಗಳು ಮದ್ಯಸಾರದಲ್ಲಿ ಚೆನ್ನಾಗಿ ಕರಗುತ್ತವೆ. ಮೂರನೆಯದು, ಬೂಷ್ಟು ಹಿಡಿಯದಂತೆ ಕಾಪಾಡುವುದು. ಮದ್ಯವನ್ನು ಬಿಟ್ಟು ಕೇಕು ಮಾಡಬೇಕಾದರೆ ಈ ಮೂರು ಕೆಲಸಗಳಿಗೂ ಬೇರೆ ಬೇರೆ ಏರ್ಪಾಡು ಮಾಡಿಕೊಳ್ಳಬೇಕು. ಒಂದೇ ಪದಾರ್ಥದಿಂದ ಮೂರೂ ನಡೆಯಬೇಕೆಂದು ಹೊರಟಲ್ಲಿಯೇ ಅನೇಕರು ಎಡವುತ್ತಾರೆ.

ಇಂತಹ ಮಾರ್ಪಾಟು ಸಂಪ್ರದಾಯಕ್ಕೆ ವಿರುದ್ಧವೆಂದು ಭಾವಿಸಬೇಕಾಗಿಲ್ಲ. ಭಾರತದಲ್ಲಿ ಈ ಕೇಕು ಆರಂಭದಿಂದಲೂ ಬದಲಾಗುತ್ತಲೇ ಬಂದಿದೆ. 1883ರಲ್ಲಿ ತಲಚೇರಿಯ ಮಾಂಬಳ್ಳಿ ಬಾಪು ಎಂಬವರು ಮರ್ಡಾಕ್ ಬ್ರೌನ್ ಎಂಬ ತೋಟದ ಮಾಲೀಕರ ಕೋರಿಕೆಯಂತೆ ಕ್ರಿಸ್‌ಮಸ್ ಕೇಕು ತಯಾರಿಸಿದಾಗ, ಬ್ರೌನ್ ಸೂಚಿಸಿದ್ದ ಫ್ರೆಂಚ್ ಬ್ರಾಂದಿಯ ಬದಲಿಗೆ ಗೇರುಹಣ್ಣು ಮತ್ತು ಬಾಳೆಹಣ್ಣಿನ ಸ್ಥಳೀಯ ಮದ್ಯವನ್ನು ಬಳಸಿದರೆಂದು ಪ್ರತೀತಿ. ಅಲಹಾಬಾದಿನ ಪ್ರಸಿದ್ಧ ಕೇಕಿನಲ್ಲಿ ಬೂದುಗುಂಬಳದ ಪೇಟಾ, ಕಿತ್ತಳೆಯ ಮಾರ್ಮಲೇಡ್ ಮತ್ತು ತುಪ್ಪ ಸೇರಿಕೊಂಡವು. ಊರಿಗೆ ತಕ್ಕಂತೆ ಬದಲಾದ ಪಾಕ, ಉಣ್ಣುವವರ ಆರೋಗ್ಯಕ್ಕೆ ತಕ್ಕಂತೆ ಬದಲಾಗುವುದರಲ್ಲಿ ತಪ್ಪೇನೂ ಇಲ್ಲ.

ಬೆಂದರೆ ಮದ್ಯ ಹೋಗುವುದೇ?

ಮದ್ಯಸಾರ ಸುಮಾರು 78 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ, ನೀರು 100 ಡಿಗ್ರಿಯಲ್ಲಿ. ಆದ್ದರಿಂದ ಬಿಸಿ ತಾಗಿದೊಡನೆ ಮದ್ಯಸಾರವೆಲ್ಲ ಆವಿಯಾಗುವುದೆಂಬ ಊಹೆ ಸಹಜವೇ. ಆದರೆ ನೀರಿನೊಡನೆ ಬೆರೆತ ಮದ್ಯಸಾರ ಹಾಗೆ ಒಂಟಿಯಾಗಿ ಹೊರಡುವುದಿಲ್ಲ. ಎರಡೂ ಕೂಡಿಯೇ ಆವಿಯಾಗುತ್ತ ಹೋಗುತ್ತವೆ, ಸ್ವಲ್ಪ ಪಾಲು ಹಿಂದೆ ಉಳಿಯುತ್ತದೆ. ಅದೂ ಅಲ್ಲದೆ ಕೇಕಿನ ಮೇಲ್ಭಾಗ ಬೇಗನೆ ಗಟ್ಟಿಯಾಗುವುದರಿಂದ ಒಳಗಿನ ಆವಿ ಸರಾಗವಾಗಿ ಹೊರಬರಲಾರದು.

ಈ ವಿಷಯವನ್ನು ಅಮೆರಿಕದಲ್ಲಿ ಪ್ರಯೋಗಗಳ ಮೂಲಕ ಅಳೆದು ನೋಡಲಾಗಿದೆ. ಆ ದೇಶದ ಕೃಷಿ ಇಲಾಖೆಯ ಕೋಷ್ಟಕದ ಪ್ರಕಾರ, ಮಿಶ್ರಣದಲ್ಲಿ ಕಲಸಿ ಬೇಯಿಸಿದ ಮದ್ಯಸಾರದಲ್ಲಿ 15 ನಿಮಿಷಗಳ ಬಳಿಕ ಶೇಕಡ 40, ಅರ್ಧ ಗಂಟೆಯ ಬಳಿಕ ಶೇಕಡ 35, ಒಂದು ಗಂಟೆಯ ಬಳಿಕ ಶೇಕಡ 25, ಒಂದೂವರೆ ಗಂಟೆಯ ಬಳಿಕ ಶೇಕಡ 20, ಎರಡು ಗಂಟೆಯ ಬಳಿಕ ಶೇಕಡ 10, ಎರಡೂವರೆ ಗಂಟೆಯ ಬಳಿಕ ಶೇಕಡ 5ರಷ್ಟು ಉಳಿದಿರುತ್ತದೆ. ಬೆಂಕಿ ಹೊತ್ತಿಸಿ ಉರಿಸುವ ಭಕ್ಷ್ಯಗಳಲ್ಲಂತೂ ಶೇಕಡ 75ರಷ್ಟು ಉಳಿಯುತ್ತದೆ. ಬಿಸಿಯನ್ನೇ ತಾಗಿಸದೆ ಒಂದು ರಾತ್ರಿ ಇಟ್ಟ ಪದಾರ್ಥದಲ್ಲಿ ಉಳಿಯುವುದು ಶೇಕಡ 70.

ಈ ಅಂಕಿಗಳನ್ನು ಒಂದು ಕೇಕಿಗೆ ಅನ್ವಯಿಸಿ ಲೆಕ್ಕ ಹಾಕಬಹುದು. ಶೇಕಡ 42.8 ಮದ್ಯಸಾರವಿರುವ 150 ಮಿಲಿಲೀಟರ್ ರಮ್ಮಿನಲ್ಲಿ ಸುಮಾರು 50 ಗ್ರಾಂ ಶುದ್ಧ ಮದ್ಯಸಾರ ಇರುತ್ತದೆ. ಅದನ್ನು ಸೇರಿಸಿದ ಕೇಕು ಒಂದೂವರೆಯಿಂದ ಎರಡು ಗಂಟೆ ಬೆಂದರೆ ಉಳಿಯುವುದು 5ರಿಂದ 10 ಗ್ರಾಂ. 20 ಹೋಳು ಮಾಡಿದರೆ ಪ್ರತಿ ಹೋಳಿಗೆ ಕಾಲು ಗ್ರಾಮಿನಿಂದ ಅರ್ಧ ಗ್ರಾಂ. ಇದು ಅಲ್ಪವೆಂದು ಕಾಣಬಹುದು. ಆದರೆ ಬೆಂದ ಬಳಿಕ ನಾಲ್ಕು ವಾರ, ವಾರಕ್ಕೆ 30 ಮಿಲಿಲೀಟರಿನಂತೆ ರಮ್ ಚಿಮುಕಿಸಿದರೆ ಇನ್ನೂ 40 ಗ್ರಾಂ ಮದ್ಯಸಾರ ಸೇರುತ್ತದೆ. ಅದಕ್ಕೆ ಬೆಂಕಿಯ ಸೋಂಕೇ ಇಲ್ಲ. ಶೇಕಡ 70 ಉಳಿಯಿತೆಂದರೂ 28 ಗ್ರಾಂ, ಅಂದರೆ ಹೋಳಿಗೆ 1.4 ಗ್ರಾಂ. ಹೀಗೆ ಮಾಗಿಸಿದ ಕೇಕಿನ ಆರು ಹೋಳುಗಳಲ್ಲಿ 30 ಮಿಲಿಲೀಟರ್ ರಮ್ಮಿನಷ್ಟು, ಅಂದರೆ ಸುಮಾರು 10 ಗ್ರಾಂ, ಮದ್ಯಸಾರ ಅಡಗಿರಬಹುದು. ಮನೆಯಿಂದ ಮನೆಗೆ ಪ್ರಮಾಣ ಬೇರೆಯಾದರೂ, ಈ ಲೆಕ್ಕದಿಂದ ತಿಳಿಯುವ ಅಂಶ ಸ್ಪಷ್ಟವಾಗಿದೆ. ಬೇಯಿಸುವ ಮುನ್ನ ಹಾಕಿದ ಮದ್ಯಕ್ಕಿಂತ, ಬೇಯಿಸಿದ ನಂತರ ಹಾಕಿದ ಮದ್ಯವೇ ಹೆಚ್ಚು ಉಳಿಯುತ್ತದೆ. ಕೇಕಿನ ಮೇಲಿನ ಕ್ರೀಮು, ಸಾಸು, ಪುಡಿಂಗುಗಳಲ್ಲಿ ಬೆರೆಸುವ ಮದ್ಯಕ್ಕೂ ಇದೇ ಮಾತು ಸಲ್ಲುತ್ತದೆ.

ಯಾರು ದೂರವಿರಬೇಕು?

ಆರೋಗ್ಯವಂತ ವಯಸ್ಕರಿಗೆ ಇಂತಹ ಒಂದು ಹೋಳಿನಿಂದ ಅಮಲೇರುವುದಿಲ್ಲ. ಆದರೆ ಕೆಲವರ ಸ್ಥಿತಿಯೇ ಬೇರೆ.

ಕುಡಿತ ಬಿಡಿಸುವುದಕ್ಕಾಗಿ ಡೈಸಲ್ಫಿರಾಮ್ ಎಂಬ ಔಷಧವನ್ನು ತೆಗೆದುಕೊಳ್ಳುತ್ತಿರುವವರು ಇವರಲ್ಲಿ ಮೊದಲಿಗರು. ಡೆನ್ಮಾರ್ಕಿನ ಜೆನ್ಸ್ ಹಾಲ್ಡ್ ಮತ್ತು ಎರಿಕ್ ಯಾಕೊಬ್ಸೆನ್ ಎಂಬ ವಿಜ್ಞಾನಿಗಳು ಇದನ್ನು ಜಂತುಹುಳುವಿನ ಮದ್ದಾಗಿ ಪರೀಕ್ಷಿಸುತ್ತಿದ್ದಾಗ, ಸ್ವತಃ ಸೇವಿಸಿ, ಬಳಿಕ ಸ್ವಲ್ಪ ಮದ್ಯ ಮುಟ್ಟಿದೊಡನೆ ಅಸ್ವಸ್ಥರಾದರು. ಇದರ ಈ ಗುಣ ಹೀಗೆ ಬೆಳಕಿಗೆ ಬಂದು, 1948ರಲ್ಲಿ ವೈದ್ಯಲೋಕಕ್ಕೆ ಪ್ರಕಟವಾಯಿತು. ದೇಹದೊಳಗೆ ಮದ್ಯಸಾರವು ಮೊದಲು ಅಸಿಟಾಲ್ಡಿಹೈಡ್ ಎಂಬ ವಿಷವಸ್ತುವಾಗಿ, ಅನಂತರ ನಿರಪಾಯಕರ ವಸ್ತುವಾಗಿ ಮಾರ್ಪಡುತ್ತದೆ. ಡೈಸಲ್ಫಿರಾಮ್ ಈ ಎರಡನೆಯ ಹೆಜ್ಜೆಯನ್ನು ತಡೆಯುತ್ತದೆ. ವಿಷವಸ್ತು ರಕ್ತದಲ್ಲಿ ಸಂಗ್ರಹವಾಗಿ ಮುಖ ಕೆಂಪೇರುವುದು, ತಲೆ ಸಿಡಿಯುವುದು, ವಾಂತಿ, ಎದೆಬಡಿತ, ರಕ್ತದ ಒತ್ತಡ ಕುಸಿಯುವುದು ಮುಂತಾದ ಲಕ್ಷಣಗಳು ತಲೆದೋರುತ್ತವೆ. ಕೆಲವೊಮ್ಮೆ ಪ್ರಾಣಾಪಾಯವೂ ಉಂಟು. ಔಷಧ ನಿಲ್ಲಿಸಿದ ಮೇಲೂ ಎರಡು ವಾರಗಳವರೆಗೆ ಈ ಪ್ರತಿಕ್ರಿಯೆ ಸಂಭವಿಸಬಹುದು. ಇಂತಹವರು ರಮ್ ಹಾಕಿದ ಕೇಕನ್ನು ಬೆಂದಿದೆಯೆಂಬ ಧೈರ್ಯದಿಂದ ಮುಟ್ಟಕೂಡದು. ಆಮಶಂಕೆಗೆ ಕೊಡುವ ಮೆಟ್ರೊನಿಡಝೋಲ್ ಮಾತ್ರೆಯೊಡನೆಯೂ, ಅದು ಮುಗಿದ ಎರಡು ಮೂರು ದಿನಗಳವರೆಗೂ ಮದ್ಯ ವರ್ಜ್ಯವೆಂದು ಸೂಚನೆ ಇರುತ್ತದೆ. ಆ ಪ್ರತಿಕ್ರಿಯೆ ಎಷ್ಟು ಸಾಮಾನ್ಯವೆಂಬುದರಲ್ಲಿ ವೈದ್ಯರಲ್ಲಿ ಭಿನ್ನಾಭಿಪ್ರಾಯ ಇದ್ದರೂ ಸೂಚನೆಯನ್ನು ಪಾಲಿಸುವುದೇ ಕ್ಷೇಮ.

ಎರಡನೆಯವರು ಯಕೃತ್ತಿನ ರೋಗಿಗಳು. ಸಿರೋಸಿಸ್ ಮುಂತಾದ ಕಾಯಿಲೆಗಳಿಗೆ ಮದ್ಯವನ್ನು ಪೂರ್ತಿ ತ್ಯಜಿಸಬೇಕೆಂಬುದೇ ಚಿಕಿತ್ಸೆಯ ಮೊದಲ ಪಾಠ. ಮೂರನೆಯವರು ಗರ್ಭಿಣಿಯರು. ಗರ್ಭದಲ್ಲಿರುವ ಶಿಶುವಿಗೆ ಮದ್ಯದ ಇಷ್ಟು ಪ್ರಮಾಣ ಸುರಕ್ಷಿತವೆಂದು ಯಾರೂ ಗೆರೆ ಎಳೆದಿಲ್ಲ. ಚಿಕ್ಕ ಮಕ್ಕಳನ್ನೂ ಈ ಸಾಲಿಗೆ ಸೇರಿಸಬೇಕು. ಧರ್ಮಶ್ರದ್ಧೆಯಿಂದ ಮದ್ಯವನ್ನು ವರ್ಜಿಸುವ ನೆರೆಹೊರೆಯವರ ನಿಯಮವೂ ಅಷ್ಟೇ ಗೌರವಕ್ಕೆ ಅರ್ಹ.

ಕೊನೆಯವರು, ಎಲ್ಲರಿಗಿಂತ ಹೆಚ್ಚು ಅಲಕ್ಷ್ಯಕ್ಕೆ ಒಳಗಾಗುವವರು, ಔಷಧವಿಲ್ಲದೆಯೇ ಕುಡಿತವನ್ನು ಬಿಟ್ಟಿರುವವರು. ಇವರಿಗೆ ಅಪಾಯ ಗ್ರಾಮಿನ ಲೆಕ್ಕದಲ್ಲಿ ಇಲ್ಲ, ರುಚಿ ಮತ್ತು ವಾಸನೆಯಲ್ಲಿದೆ. ವರ್ಷಗಳ ಅಭ್ಯಾಸದಿಂದ ಮಿದುಳು ರಮ್ಮಿನ ವಾಸನೆಯನ್ನೂ ಕುಡಿತದ ಸುಖವನ್ನೂ ಒಂದಕ್ಕೊಂದು ಹೆಣೆದಿಟ್ಟಿರುತ್ತದೆ. ಆ ವಾಸನೆ ಮೂಗಿಗೆ ಬಿದ್ದೊಡನೆ ಅಡಗಿದ್ದ ಬಯಕೆ ಹೆಡೆಯೆತ್ತಬಹುದು. ಆದ್ದರಿಂದ ಮದ್ಯಸಾರವಿಲ್ಲದ 'ರಮ್ ಎಸೆನ್ಸ್' ಹಾಕಿದ ಕೇಕು ಯಕೃತ್ತಿನ ರೋಗಿಗೆ ಆಗಬಹುದಾದರೂ ಇವರಿಗೆ ತಕ್ಕುದಲ್ಲ. ಅಂತಹ ಎಸೆನ್ಸ್‌ಗಳಲ್ಲಿಯೂ ಕೆಲವು ಮದ್ಯಸಾರದಲ್ಲೇ ತಯಾರಾಗಿರುತ್ತವೆ ಎಂಬುದು ಬೇರೆ ಮಾತು.

ಇಷ್ಟೆಲ್ಲ ಹೇಳಿದ ಮೇಲೆ ಅನಗತ್ಯ ಭಯಕ್ಕೂ ಎಡೆಕೊಡಬಾರದು. ಬ್ರೆಡ್ಡಿನಲ್ಲಿ, ಬಹಳ ಕಳಿತ ಬಾಳೆಹಣ್ಣಿನಲ್ಲಿ ಮದ್ಯಸಾರದ ಲೇಶ ಸ್ವಾಭಾವಿಕವಾಗಿಯೇ ಇರುತ್ತದೆ. ಅದು ನಿತ್ಯದ ಆಹಾರ. ಸಂಶಯವಿದ್ದವರು ತಮ್ಮ ವೈದ್ಯರನ್ನು ವಿಚಾರಿಸಬಹುದು. ಆದರೆ ದ್ರಾಕ್ಷಾರಿಷ್ಟ, ದಶಮೂಲಾರಿಷ್ಟಗಳಂತಹ ಆಯುರ್ವೇದ ಔಷಧಗಳಲ್ಲಿ, ಕೆಲವು ಕೆಮ್ಮಿನ ಸಿರಪ್ಪುಗಳಲ್ಲಿ, ಹೋಮಿಯೋಪಥಿಯ ಅನೇಕ ಟಿಂಕ್ಚರುಗಳಲ್ಲಿ ಗಣನೀಯ ಪ್ರಮಾಣದ ಮದ್ಯಸಾರ ಇರುತ್ತದೆಂಬುದನ್ನು ನೆನಪಿಡತಕ್ಕದ್ದು.

ಮೂರು ಕೆಲಸಗಳಿಗೆ ಮೂರು ಏರ್ಪಾಡು

ಹಣ್ಣನ್ನು ಉಬ್ಬಿಸುವ ಕೆಲಸಕ್ಕೆ ಕಿತ್ತಳೆರಸ ಮತ್ತು ಗಟ್ಟಿ ಚಹದ ಕಷಾಯ ಸೊಗಸಾಗಿ ಒದಗುತ್ತವೆ. ಚಳಿಗಾಲದಲ್ಲಿ ಡಾರ್ಜಿಲಿಂಗ್ ಬೆಟ್ಟಗಳ ಕಿತ್ತಳೆ ಕೋಲ್ಕತದ ಮಾರುಕಟ್ಟೆಗೆ ಬರುತ್ತದೆ. ಚಹಕ್ಕಂತೂ ಇಲ್ಲಿ ಬರವಿಲ್ಲ. ಚಹದ ಒಗರು, ಮದ್ಯ ಕೊಡುತ್ತಿದ್ದ ತುಸು ಕಟುವಾದ ರುಚಿಯ ಜಾಗವನ್ನು ತುಂಬುತ್ತದೆ.

ಆದರೆ ಇಲ್ಲೊಂದು ಎಚ್ಚರ ಅಗತ್ಯ. ರಮ್ಮಿನಲ್ಲಿ ನೆನೆಹಾಕುವಂತೆ ಹಣ್ಣಿನ ರಸದಲ್ಲಿಯೂ ವಾರಗಟ್ಟಲೆ ನೆನೆಹಾಕಿದರೆ ಬಾಣಲೆಯಿಂದ ಬೆಂಕಿಗೆ ಬಿದ್ದಂತೆ ಆಗುತ್ತದೆ. ದ್ರಾಕ್ಷಿಯ ಸಿಪ್ಪೆಯ ಮೇಲೆ ಸಹಜವಾಗಿರುವ ಯೀಸ್ಟ್ ಸಕ್ಕರೆಯನ್ನು ಹುಳಿಯಿಸಿ ಮದ್ಯಸಾರವನ್ನು ತಾನೇ ಉತ್ಪಾದಿಸುತ್ತದೆ. ಮನೆಯ ವೈನು ಆಗುವುದೂ ಹೀಗೆಯೇ. ಆದ್ದರಿಂದ ಹಣ್ಣನ್ನು ರಸದೊಡನೆ ಐದು ನಿಮಿಷ ಕುದಿಸಿ, ಮುಚ್ಚಿ, ಆರಿದ ಮೇಲೆ ಒಂದು ರಾತ್ರಿ ಫ್ರಿಜ್ಜಿನಲ್ಲಿಟ್ಟರೆ ಸಾಕು. ಬಿಸಿಯಿಂದ ಹಣ್ಣು ಬೇಗ ಉಬ್ಬುತ್ತದೆ, ಯೀಸ್ಟ್ ಕೂಡ ನಾಶವಾಗುತ್ತದೆ. ನೊರೆ ಬಂದ, ಹುಳಿವಾಸನೆ ಹೊಡೆಯುವ ಹಣ್ಣನ್ನು ಬಳಸಬಾರದು.

ಪರಿಮಳದ ಕೆಲಸವನ್ನು ಬೆಣ್ಣೆಗೆ ವಹಿಸಬೇಕು. ಸುವಾಸನಾ ತೈಲಗಳು ಕೊಬ್ಬಿನಲ್ಲಿಯೂ ಚೆನ್ನಾಗಿ ಕರಗುತ್ತವೆ. ಕಿತ್ತಳೆ ಸಿಪ್ಪೆಯ ಮೇಲ್ಪದರದ ತುರಿ, ದಾಲ್ಚಿನ್ನಿ, ಲವಂಗ, ಜಾಯಿಕಾಯಿ, ಶುಂಠಿಪುಡಿಗಳನ್ನು ಕರಗಿಸಿದ ಬೆಚ್ಚನೆಯ ಬೆಣ್ಣೆಯಲ್ಲಿ ಬೆರೆಸಿ ಅರ್ಧ ಗಂಟೆ ಇಟ್ಟರೆ ಪರಿಮಳವೆಲ್ಲ ಇಳಿಯುತ್ತದೆ. ವೆನಿಲ್ಲಾ ಬೇಕಾದವರು ಗಮನಿಸಬೇಕಾದ ಅಂಶವೊಂದುಂಟು. ಅಮೆರಿಕದ ನಿಯಮದಂತೆ ಶುದ್ಧ ವೆನಿಲ್ಲಾ ಸಾರದಲ್ಲಿ ಕನಿಷ್ಠ ಶೇಕಡ 35 ಮದ್ಯಸಾರ ಇರಬೇಕು. ಒಂದು ಚಮಚ ಹಾಕಿ ಬೇಯಿಸಿದ ಕೇಕಿನಲ್ಲಿ ಅದು ಲೆಕ್ಕಕ್ಕೆ ಬಾರದಷ್ಟು ಉಳಿದರೂ, ಬೇಯಿಸದ ಕ್ರೀಮಿಗೆ ಹಾಕುವುದು ಬೇಡ. ಅದರ ಬದಲು, ಮಲೆನಾಡಿನಲ್ಲಿಯೂ ಬೆಳೆಯುವ ವೆನಿಲ್ಲಾ ಕೋಡನ್ನು ಸೀಳಿ ಸಕ್ಕರೆಯ ಡಬ್ಬಿಯಲ್ಲಿ ಎರಡು ವಾರ ಹುಗಿದಿಟ್ಟರೆ ಸಕ್ಕರೆಯೇ ಘಮಘಮಿಸುತ್ತದೆ.

ಗಾಢವಾದ ಬಣ್ಣ ಮತ್ತು ಆಳವಾದ ರುಚಿಗೆ ಬಂಗಾಳದ 'ನೊಲೇನ್ ಗುಡ್' ಇದೆ. ಚಳಿಗಾಲದಲ್ಲಿ ಖರ್ಜೂರ ಜಾತಿಯ ಈಚಲು ಮರದಿಂದ ಇಳಿಸಿದ ರಸವನ್ನು ಕಾಯಿಸಿ ತಯಾರಿಸುವ ಈ ಬೆಲ್ಲದ ಹೊಗೆಮಿಶ್ರಿತ ಪರಿಮಳ ಕೇಕಿಗೆ ಬಹಳ ಒಪ್ಪುತ್ತದೆ. ಅಚ್ಚಿನ 'ಪಾಟಾಲಿ' ಬೆಲ್ಲವನ್ನು ಪುಡಿಮಾಡಿ ಬಳಸಬಹುದು. ಕಾಯಿಸದ ಹಸಿ ರಸದ ವಿಷಯ ಮಾತ್ರ ಬೇರೆ. ಬಿಸಿಲೇರಿದಂತೆ ಅದು ಹುಳಿತು ಹೆಂಡವಾಗುತ್ತದೆ. ಬಾವಲಿಗಳು ಮುಟ್ಟಿದ ಹಸಿ ರಸದಿಂದ ನಿಪಾ ರೋಗ ಹರಡಿದ ನಿದರ್ಶನಗಳೂ ಬಾಂಗ್ಲಾದೇಶದಲ್ಲಿವೆ. ಚೆನ್ನಾಗಿ ಕಾಯಿಸಿದ ಬೆಲ್ಲಕ್ಕೆ ಈ ಎರಡು ದೋಷಗಳೂ ಇಲ್ಲ.

ಕೆಡದಂತೆ ಕಾಪಾಡುವ ಮೂರನೆಯ ಕೆಲಸಕ್ಕೆ ಪೂರ್ಣ ಬದಲಿ ಇಲ್ಲವೆಂದು ಒಪ್ಪಿಕೊಳ್ಳಬೇಕು. ಮದ್ಯವಿಲ್ಲದ ಕೇಕನ್ನು ತಿಂಗಳುಗಟ್ಟಲೆ ಮಾಗಿಸಲಾಗದು. ಹಬ್ಬಕ್ಕೆ ಎರಡು ಮೂರು ದಿನ ಮೊದಲು ಮಾಡಿ, ಬೇಗನೆ ಹಂಚಿ ಮುಗಿಸಬೇಕು. ವಾರಕ್ಕೊಮ್ಮೆ ರಮ್ಮಿನ ಬದಲು ಹಣ್ಣಿನ ರಸ ಚಿಮುಕಿಸುವುದು ಬೂಷ್ಟಿಗೆ ಆಹ್ವಾನ ಕೊಟ್ಟಂತೆಯೇ ಸರಿ.

ಕೇಕಿನ ಪಾಕ

ಬೇಕಾಗುವ ಸಾಮಗ್ರಿ: ಕಪ್ಪು ಒಣದ್ರಾಕ್ಷಿ 100 ಗ್ರಾಂ, ಹಳದಿ ಒಣದ್ರಾಕ್ಷಿ 75 ಗ್ರಾಂ, ಬೀಜ ತೆಗೆದ ಖರ್ಜೂರ 75 ಗ್ರಾಂ, ಸಣ್ಣಗೆ ಹೆಚ್ಚಿದ ಪೇಟಾ ಅಥವಾ ಟೂಟಿ ಫ್ರೂಟಿ 50 ಗ್ರಾಂ, ಗೋಡಂಬಿ 50 ಗ್ರಾಂ, ತಾಜಾ ಕಿತ್ತಳೆರಸ 150 ಮಿಲಿಲೀಟರ್, ಹಾಲಿಲ್ಲದ ಗಟ್ಟಿ ಚಹದ ಕಷಾಯ 50 ಮಿಲಿಲೀಟರ್, ಮೈದಾ 200 ಗ್ರಾಂ, ಬೆಣ್ಣೆ 150 ಗ್ರಾಂ, ಪುಡಿಮಾಡಿದ ನೊಲೇನ್ ಗುಡ್ ಅಥವಾ ಸಾಮಾನ್ಯ ಬೆಲ್ಲ 150 ಗ್ರಾಂ, ಮೊಟ್ಟೆ 3, ಸಕ್ಕರೆ 50 ಗ್ರಾಂ, ಬೇಕಿಂಗ್ ಪೌಡರ್ 1 ಟೀ ಚಮಚ, ಅಡುಗೆ ಸೋಡಾ ಕಾಲು ಟೀ ಚಮಚ, ಸಂಬಾರದ ಪುಡಿಗಳು ಒಟ್ಟು ಒಂದೂವರೆ ಟೀ ಚಮಚ, ಒಂದು ಕಿತ್ತಳೆಯ ಸಿಪ್ಪೆಯ ತುರಿ, ಚಿಟಿಕೆ ಉಪ್ಪು.

ಹಿಂದಿನ ದಿನವೇ ಹಣ್ಣುಗಳನ್ನು ರಸ ಮತ್ತು ಕಷಾಯಗಳಲ್ಲಿ ಮೇಲೆ ಹೇಳಿದಂತೆ ಕುದಿಸಿ ನೆನೆಯಲು ಬಿಡಬೇಕು. ಮರುದಿನ ಸೋಸಿ, ಉಳಿದ ರಸವನ್ನು ತೆಗೆದಿರಿಸಬೇಕು. ಸಕ್ಕರೆಯನ್ನು ದಪ್ಪ ತಳದ ಪಾತ್ರೆಯಲ್ಲಿ ಕಡುಕಂದು ಬಣ್ಣ ಬರುವಂತೆ ಕರಗಿಸಿ, ಒಲೆಯಿಂದ ಇಳಿಸಿ, 60 ಮಿಲಿಲೀಟರ್ ಬಿಸಿನೀರನ್ನು ದೂರದಿಂದ ಜಾಗ್ರತೆಯಾಗಿ ಸೇರಿಸಿ ಆರಿಸಬೇಕು. ಸಂಬಾರದ ಪುಡಿ ಮತ್ತು ಸಿಪ್ಪೆಯ ತುರಿ ಬೆರೆಸಿಟ್ಟ ಬೆಣ್ಣೆ ಮತ್ತೆ ಮೆತ್ತಗೆ ಗಟ್ಟಿಯಾದಾಗ ಬೆಲ್ಲ ಸೇರಿಸಿ ಚೆನ್ನಾಗಿ ನಾದಿ, ಮೊಟ್ಟೆಗಳನ್ನು ಒಂದೊಂದಾಗಿ ಹಾಕಿ ಕಲಸಬೇಕು. ಮೈದಾ, ಬೇಕಿಂಗ್ ಪೌಡರ್, ಸೋಡಾ, ಉಪ್ಪುಗಳನ್ನು ಒಟ್ಟಿಗೆ ಜರಡಿ ಹಿಡಿದು, ಸಕ್ಕರೆಯ ಪಾಕದೊಡನೆ ಸ್ವಲ್ಪ ಸ್ವಲ್ಪವಾಗಿ ಸೇರಿಸಬೇಕು. ಕೊನೆಯಲ್ಲಿ ಒಂದು ಚಮಚ ಮೈದಾದಲ್ಲಿ ಹೊರಳಿಸಿದ ಹಣ್ಣು, ಗೋಡಂಬಿಗಳನ್ನು ಬೆರೆಸಬೇಕು. ಹಾಗೆ ಹೊರಳಿಸಿದರೆ ಹಣ್ಣು ತಳಕ್ಕೆ ಇಳಿಯುವುದಿಲ್ಲ.

ಕಾಗದ ಹಾಸಿದ 20 ಸೆಂಟಿಮೀಟರ್ ಅಗಲದ ತಗಡಿನ ಪಾತ್ರೆಗೆ ಹಿಟ್ಟನ್ನು ಸುರಿದು, 160 ಡಿಗ್ರಿ ಬಿಸಿಯ ಓವನ್ನಿನಲ್ಲಿ 60ರಿಂದ 75 ನಿಮಿಷ ಬೇಯಿಸಬೇಕು. ನಡುವೆ ಚುಚ್ಚಿದ ಕಡ್ಡಿಗೆ ಹಿಟ್ಟು ಅಂಟದಿದ್ದರೆ ಬೆಂದಿದೆಯೆಂದು ತಿಳಿಯಬಹುದು. ಓವನ್ ಇಲ್ಲದವರು ಪ್ರೆಶರ್ ಕುಕ್ಕರಿನ ತಳಕ್ಕೆ ಒಂದು ಬಟ್ಟಲು ಉಪ್ಪು ಹರಡಿ, ಅದರ ಮೇಲೆ ಒಂದು ಸ್ಟ್ಯಾಂಡ್ ಇಟ್ಟು, ರಬ್ಬರು ಬಳೆ ಮತ್ತು ತೂಕದ ಸೀಟಿಯನ್ನು ತೆಗೆದು, ಹತ್ತು ನಿಮಿಷ ಕಾಯಿಸಿದ ಬಳಿಕ ಪಾತ್ರೆಯನ್ನಿರಿಸಿ ಸಣ್ಣ ಉರಿಯಲ್ಲಿ ಬೇಯಿಸಬಹುದು. ತೆಗೆದಿರಿಸಿದ ರಸವನ್ನು ಕುದಿಸಿ ಪಾಕದಂತೆ ಗಟ್ಟಿ ಮಾಡಿ, ಬಿಸಿ ಕೇಕಿನ ಮೇಲೆ ಒಮ್ಮೆ ಸವರಿದರೆ ಹೊಳಪೂ ಮೃದುತ್ವವೂ ಬರುತ್ತವೆ. ಮೊಟ್ಟೆ ತಿನ್ನದ ಮನೆಗಳಲ್ಲಿ ಮೂರು ಮೊಟ್ಟೆಗಳ ಬದಲಿಗೆ 150 ಗ್ರಾಂ ಗಟ್ಟಿ ಮೊಸರನ್ನು ಬಳಸಿ, ಸೋಡಾವನ್ನು ಅರ್ಧ ಟೀ ಚಮಚಕ್ಕೆ ಹೆಚ್ಚಿಸಿಕೊಳ್ಳಬಹುದು.

ಈ ಕೇಕು ಚಳಿಗಾಲದಲ್ಲಿ ಮುಚ್ಚಿದ ಡಬ್ಬಿಯಲ್ಲಿ ಮೂರು ದಿನ, ಫ್ರಿಜ್ಜಿನಲ್ಲಿ ಸುಮಾರು ಹತ್ತು ದಿನ ಚೆನ್ನಾಗಿರುತ್ತದೆ. ಒಂದು ದಿನ ಇಟ್ಟು ಕತ್ತರಿಸಿದರೆ ರುಚಿ ಇನ್ನಷ್ಟು ಕೂಡಿಬರುತ್ತದೆ. ಮದ್ಯವಿಲ್ಲವೆಂದ ಮಾತ್ರಕ್ಕೆ ಇದು ಪಥ್ಯದ ಆಹಾರವಲ್ಲ. ಬೆಲ್ಲವೂ ಸಕ್ಕರೆಯ ಇನ್ನೊಂದು ರೂಪವೇ. ಯಕೃತ್ತಿನ ರೋಗದೊಡನೆ ಮಧುಮೇಹವೂ ಇರುವವರು, ಉಪ್ಪು ಕಡಿಮೆ ಮಾಡಬೇಕೆಂಬ ಸೂಚನೆ ಇರುವವರು ವೈದ್ಯರ ಮಾತಿನಂತೆ ಚಿಕ್ಕ ಹೋಳಿಗೆ ತೃಪ್ತರಾಗಬೇಕು.

ಪೇಟೆಯ ಕೇಕು

ಎಲ್ಲರಿಗೂ ಮನೆಯಲ್ಲಿ ಮಾಡುವಷ್ಟು ಬಿಡುವಿರದು. ಕೊಂಡು ತರುವವರು ಬಣ್ಣ ನೋಡಿ ನಿರ್ಣಯಿಸಬಾರದು. ಕಪ್ಪು ಕೇಕಿನಲ್ಲಿ ರಮ್ ಇಲ್ಲದಿರಬಹುದು, ತಿಳಿ ಬಣ್ಣದ ಕೇಕಿನಲ್ಲಿ ಇರಲೂಬಹುದು. ಪೊಟ್ಟಣ ಕಟ್ಟಿದ ಆಹಾರದ ಮೇಲೆ ಅದರಲ್ಲಿರುವ ಪದಾರ್ಥಗಳ ಪಟ್ಟಿ ಇರಲೇಬೇಕೆಂದು ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮವಿದೆ. ಅದನ್ನು ಓದಬೇಕು. ಬಿಡಿಯಾಗಿ ಮಾರುವ ಕೇಕಾದರೆ ಎರಡು ಪ್ರಶ್ನೆಗಳನ್ನು ಕೇಳಬೇಕು: ಹಣ್ಣನ್ನು ಯಾವುದರಲ್ಲಿ ನೆನೆಹಾಕಲಾಗಿದೆ? ಬೆಂದ ಮೇಲೆ ಏನನ್ನಾದರೂ ಚಿಮುಕಿಸಲಾಗಿದೆಯೇ? ಸ್ಪಷ್ಟ ಉತ್ತರ ದೊರೆಯದಿದ್ದಲ್ಲಿ ಬೇರೆ ತಿಂಡಿಯನ್ನು ಆರಿಸಿಕೊಳ್ಳುವುದು ಒಳಿತು. ಜಯನಗರದ ಮೋಯಾ, ಮಂಗಳೂರಿನ ಕ್ರೈಸ್ತರ ಕುಸ್ವಾರಿನಲ್ಲಿ ಬರುವ ನೆವ್ರಿ, ಕಿಡ್ಯೊ, ಕೊಕ್ಕಿಸಾಂಗಳು ಮದ್ಯದ ಹಂಗಿಲ್ಲದೆಯೇ ಹಬ್ಬದ ಕಳೆ ತರಬಲ್ಲವು. 'ಮದ್ಯರಹಿತ' ಎಂಬ ಹೆಸರಿನ ಬಿಯರ್, ವೈನುಗಳನ್ನು ಬದಲಿಯಾಗಿ ಬಳಸುವುದು ಜಾಣತನವಲ್ಲ. ಶೇಕಡ 0.5ರವರೆಗೆ ಮದ್ಯಸಾರ ಅವುಗಳಲ್ಲಿ ಇರಬಹುದು, ರುಚಿ ವಾಸನೆಗಳಂತೂ ಹಳೆಯವೇ.

ಮನೆಯವರ ಹೊಣೆ

ಒಂದು ಕೇಕಿಗೆ 150 ಮಿಲಿಲೀಟರ್ ರಮ್ ಬೇಕೆಂದು 750 ಮಿಲಿಲೀಟರಿನ ಬಾಟಲಿ ತಂದರೆ 600 ಮಿಲಿಲೀಟರ್ ಅಡುಗೆಮನೆಯ ಕಪಾಟಿನಲ್ಲಿ ಉಳಿಯುತ್ತದೆ. ಕುಡಿತ ಬಿಟ್ಟವರಿರುವ ಮನೆಯಲ್ಲಿ ಕೇಕಿಗಿಂತ ದೊಡ್ಡ ಅಪಾಯ ಆ ಬಾಟಲಿಯೇ. ಉಡುಗೊರೆಯಾಗಿ ಬಂದ ವೈನಿಗೂ ಇದೇ ಮಾತು. ಬೇರೆಯವರಿಗಾಗಿ ರಮ್ ಕೇಕು ಇರಲೇಬೇಕೆಂದಾದರೆ ಅದನ್ನು ಬೇರೆ ತಟ್ಟೆಯಲ್ಲಿ, ಬೇರೆ ಚಾಕುವಿನೊಡನೆ ಇರಿಸಿ, ಒಂದು ಚೀಟಿ ಅಂಟಿಸಬೇಕು. ಅದಕ್ಕಿಂತಲೂ ಉತ್ತಮವೆಂದರೆ ಎಲ್ಲರಿಗೂ ಒಂದೇ ಕೇಕು, ಮದ್ಯವಿಲ್ಲದ್ದು. ಆಗ ಯಾರೂ ತಾನೇಕೆ ತಿನ್ನುತ್ತಿಲ್ಲವೆಂಬ ವಿವರಣೆಯನ್ನು ಹತ್ತು ಜನರ ನಡುವೆ ಕೊಡಬೇಕಾಗಿಲ್ಲ. ಅತಿಥಿ ಬೇಡವೆಂದಾಗ ಮರುಮಾತಿಲ್ಲದೆ ಒಪ್ಪುವುದು ಉಪಚಾರದ ಕೊರತೆ ಎನಿಸದು. ಕಾರಣ ಕೇಳುವುದು, ಅವರ ಕಾಯಿಲೆಯನ್ನು ಇತರರಿಗೆ ವಿವರಿಸುವುದು ಮಾತ್ರ ಸಲ್ಲದು.

ಎಷ್ಟೇ ಎಚ್ಚರವಿದ್ದರೂ ತಪ್ಪಿ ಒಂದು ಹೋಳು ತಿಂದದ್ದಾಯಿತೆಂದರೆ ಅದನ್ನು ಅಪರಾಧವೆಂಬಂತೆ ಕಾಣಬಾರದು. ಡೈಸಲ್ಫಿರಾಮ್ ಸೇವಿಸುವವರಲ್ಲಿ ಮೇಲೆ ಹೇಳಿದ ಲಕ್ಷಣಗಳು ತೋರಿದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಬಯಕೆ ಕೆರಳಿತೆಂದು ಅನಿಸಿದವರು ಮನೆಯವರೊಡನೆ, ವೈದ್ಯರೊಡನೆ ಕೂಡಲೇ ಮಾತನಾಡಬೇಕು. ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446 ಎಂಬ ಸಂಖ್ಯೆಯಲ್ಲಿ ಉಚಿತವಾಗಿ ಲಭ್ಯವಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ವಿಭಾಗವಿದೆ. ಊರಿಗೆ ಹೋಗಿಬರುವ ಕುಟುಂಬಗಳು ಅಲ್ಲಿ ಕನ್ನಡದಲ್ಲಿಯೇ ತಮ್ಮ ಕಷ್ಟವನ್ನು ಹೇಳಿಕೊಳ್ಳಬಹುದು.

ಬೊಡೊದಿನ್ ಕಳೆದು ಮೂರು ವಾರಗಳಲ್ಲಿ ಸಂಕ್ರಾಂತಿ ಬರುತ್ತದೆ. ಬಂಗಾಳಿಗಳ ಮನೆಯಲ್ಲಿ ಅದೇ ನೊಲೇನ್ ಗುಡ್ ಹಾಕಿದ ಪಿಠೆ, ಕನ್ನಡಿಗರ ಮನೆಯಲ್ಲಿ ಎಳ್ಳುಬೆಲ್ಲ. ಎಳ್ಳುಬೆಲ್ಲವನ್ನು ಬೀರುವಾಗ ಅದು ಯಾರಿಗೆ ಸಲ್ಲುತ್ತದೆ, ಯಾರಿಗೆ ಸಲ್ಲದು ಎಂದು ಯಾರೂ ಯೋಚಿಸಬೇಕಾಗಿಲ್ಲ. ಮನೆಗೆ ಬಂದ ಮಗುವಿನಿಂದ ಹಿಡಿದು ಮುದುಕರವರೆಗೆ ಎಲ್ಲರೂ ಕೈಯೊಡ್ಡಬಹುದು. ಡಿಸೆಂಬರಿನ ಕೇಕಿಗೂ ಆ ಗುಣ ಬರುವಂತೆ ಮಾಡುವುದು ಒಂದು ಬಟ್ಟಲು ಕಿತ್ತಳೆರಸ, ಅರ್ಧ ಅಚ್ಚು ಬೆಲ್ಲ ಮತ್ತು ಸ್ವಲ್ಪ ಮುಂದಾಲೋಚನೆಯಿಂದ ಸಾಧ್ಯ. ಎಂಟು ತಿಂಗಳ ಸಂಯಮವನ್ನು ಕಾಪಾಡಿಕೊಂಡು ಬಂದ ಮನೆಯ ಯಜಮಾನರು ಆ ತಟ್ಟೆಯಿಂದ ನಿಶ್ಚಿಂತೆಯಾಗಿ ಎರಡನೆಯ ಹೋಳನ್ನು ತೆಗೆದುಕೊಂಡರೆ, ಹಬ್ಬ ಸಾರ್ಥಕವಾದಂತೆ.